ಕೊಲೆಸ್ಟ್ರಾಲ್ ಪರೀಕ್ಷೆ: ಖಾಲಿ ಹೊಟ್ಟೆಯೋ, ತಿಂಡಿ ತಿಂದ ಹೊಟ್ಟೆಯೋ?

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣದ ರಕ್ತ ಪರೀಕ್ಷಾ ಕೇಂದ್ರದಲ್ಲಿ ನಾನು ಬಹಳ ವರ್ಷ ತಂತ್ರಜ್ಞೆಯಾಗಿದ್ದೆ. ಬೆಳಿಗ್ಗೆ ಏಳೂವರೆಗೆ ಬಾಗಿಲು ತೆರೆಯುವಷ್ಟರಲ್ಲಿ ಹೊರಗಿನ ಬೆಂಚು ತುಂಬಿರುತ್ತಿತ್ತು. ಹಳ್ಳಿಗಳಿಂದ ಮೊದಲ ಬಸ್ಸು ಹಿಡಿದು ಬಂದವರೇ ಹೆಚ್ಚು. ಸೂಜಿ ಹಿಡಿಯುವ ಮೊದಲು ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: “ಏನಾದರೂ ತಿಂದಿದ್ದೀರಾ?”

ಒಂದು ದಿನ ಅರವತ್ತು ದಾಟಿದ ಅಜ್ಜಿಯೊಬ್ಬರು, “ಬಸ್ಸಿಗೆ ಕಾಯುವಾಗ ಕಾಫಿ ಕುಡಿದೆ ಮಗಳೇ, ಎರಡು ಬಿಸ್ಕತ್ತು ತಿಂದೆ” ಎಂದು ಪ್ರಾಮಾಣಿಕವಾಗಿ ಹೇಳಿದರು. ಅವರ ಚೀಟಿಯಲ್ಲಿ ಇದ್ದದ್ದು ಲಿಪಿಡ್ ಪ್ರೊಫೈಲ್, ಅಂದರೆ ಕೊಲೆಸ್ಟ್ರಾಲ್ ಮತ್ತು ರಕ್ತದ ಇತರ ಕೊಬ್ಬುಗಳ ಪರೀಕ್ಷೆ, ಒಂದೇ. ನಿಯಮದಂತೆ, ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಕಳುಹಿಸಿದೆ. ಅವರು ಬಂದದ್ದು ಏಳು ತಿಂಗಳ ನಂತರ. ಒಟ್ಟು ಕೊಲೆಸ್ಟ್ರಾಲ್ 286 ಇತ್ತು. ಅಂದು ಕಾಫಿ ಕುಡಿದಿದ್ದಾಗಲೇ ರಕ್ತ ತೆಗೆದಿದ್ದರೆ ಆ ಸಂಖ್ಯೆ ಏಳೆಂಟು ಅಂಶ ಅತ್ತಿತ್ತ ಆಗುತ್ತಿತ್ತೇನೋ. ಏಳು ತಿಂಗಳು ಚಿಕಿತ್ಸೆಯಿಲ್ಲದೆ ಕಳೆಯುವುದಂತೂ ತಪ್ಪುತ್ತಿತ್ತು. ನಾನು ಪಾಲಿಸಿದ್ದು ಆ ಕಾಲಕ್ಕೆ ಎಲ್ಲರೂ ಪಾಲಿಸುತ್ತಿದ್ದ ನಿಯಮವನ್ನೇ. ಆದರೂ ಆ ಅಜ್ಜಿಯ ಮುಖ ಇನ್ನೂ ಕಣ್ಣಮುಂದಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತಿಂದದ್ದು ರಕ್ತಕ್ಕೆ ಬಂದಾಗ

ಲಿಪಿಡ್ ಪ್ರೊಫೈಲ್ ವರದಿಯಲ್ಲಿ ಸಾಮಾನ್ಯವಾಗಿ ಒಟ್ಟು ಕೊಲೆಸ್ಟ್ರಾಲ್, ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟ್ರಾಲ್), ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್), ವಿಎಲ್‌ಡಿಎಲ್, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) ಎಂಬ ಸಾಲುಗಳಿರುತ್ತವೆ. ಇವೆಲ್ಲವೂ ಊಟಕ್ಕೆ ಒಂದೇ ರೀತಿ ಸ್ಪಂದಿಸುವುದಿಲ್ಲ. ಖಾಲಿ ಹೊಟ್ಟೆ ಬೇಕೋ ಬೇಡವೋ ಎಂಬ ಚರ್ಚೆಯೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ನಾವು ತಿಂದ ಕೊಬ್ಬು ಸಣ್ಣ ಕರುಳಿನಲ್ಲಿ ಕೈಲೊಮೈಕ್ರಾನ್ ಎಂಬ ಸೂಕ್ಷ್ಮ ಹನಿಗಳಾಗಿ ರಕ್ತಕ್ಕೆ ಬರುತ್ತದೆ. ಆ ಹನಿಗಳಲ್ಲಿ ತುಂಬಿರುವುದು ಬಹುಪಾಲು ಟ್ರೈಗ್ಲಿಸರೈಡ್. ಆದ್ದರಿಂದ ಊಟವಾದ ಮೇಲೆ ಏರುವುದೂ ಅದೇ. ಮೂರು–ನಾಲ್ಕು ಗಂಟೆಯ ಹೊತ್ತಿಗೆ ಅದು ತುದಿ ಮುಟ್ಟಿ ನಿಧಾನವಾಗಿ ಇಳಿಯುತ್ತದೆ. ಕೊಲೆಸ್ಟ್ರಾಲ್‌ನ ಕತೆ ಬೇರೆ. ರಕ್ತದಲ್ಲಿರುವ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲನ್ನು ದೇಹವೇ ತಯಾರಿಸುತ್ತದೆ, ಅದರಲ್ಲಿ ಯಕೃತ್ತಿನ ಪಾಲು ದೊಡ್ಡದು. ಎಲ್‌ಡಿಎಲ್ ಕಣವೊಂದು ರಕ್ತದಲ್ಲಿ ದಿನಗಟ್ಟಲೆ ಸುತ್ತುತ್ತಿರುತ್ತದೆ. ಬೆಳಗಿನ ಎರಡು ಇಡ್ಲಿ ಆ ಲೆಕ್ಕವನ್ನು ಒಂದೆರಡು ಗಂಟೆಯಲ್ಲಿ ತಲೆಕೆಳಗು ಮಾಡಲಾರದು.

ಇದನ್ನು ಅಳೆದು ನೋಡಿದ್ದಾರೆ. ಡೆನ್ಮಾರ್ಕ್, ಕೆನಡಾ, ಅಮೆರಿಕಗಳ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಆಧರಿಸಿ ಯುರೋಪಿನ ಎರಡು ತಜ್ಞ ಸಂಘಗಳು 2016ರಲ್ಲಿ ಒಮ್ಮತದ ಹೇಳಿಕೆಯೊಂದನ್ನು ಪ್ರಕಟಿಸಿದವು. ಎಂದಿನ ಊಟವಾದ ಒಂದರಿಂದ ಆರು ಗಂಟೆಯೊಳಗೆ ಟ್ರೈಗ್ಲಿಸರೈಡ್ ಸರಾಸರಿ ಹೆಚ್ಚೆಂದರೆ 26 ಮಿಲಿಗ್ರಾಂ ಏರುತ್ತದೆ. ಒಟ್ಟು ಕೊಲೆಸ್ಟ್ರಾಲ್ ಮತ್ತು ಎಲ್‌ಡಿಎಲ್ ತಲಾ 8 ಮಿಲಿಗ್ರಾಂ ಇಳಿಯುತ್ತವೆ. ಎಚ್‌ಡಿಎಲ್ ಕದಲುವುದಿಲ್ಲ. (ಇಲ್ಲಿ ಹೇಳುವ ಎಲ್ಲ ಅಂಕಿಗಳೂ ನಮ್ಮ ವರದಿಗಳಲ್ಲಿರುವಂತೆ ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದವು.)

ಕೊಲೆಸ್ಟ್ರಾಲ್ ‘ಇಳಿಯುತ್ತದೆ’ ಎಂದಾಗ ಓದುಗರು ಹುಬ್ಬೇರಿಸಬಹುದು. ತಿಂದರೆ ಏರಬೇಕಲ್ಲವೇ? ಊಟದ ಜೊತೆ ನೀರು, ಸಾರು, ಮಜ್ಜಿಗೆ ಹೋಗುತ್ತದೆ, ರಕ್ತ ತುಸು ತೆಳುವಾಗುತ್ತದೆ. ಡೆನ್ಮಾರ್ಕಿನ ಸಂಶೋಧಕರು ಈ ತೆಳುವಾಗುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದಾಗ ಆ ಇಳಿಕೆ ಬಹುಪಾಲು ಮಾಯವಾಯಿತು. ಅಂದರೆ ಅದರಲ್ಲಿ ತಿಂದ ಕೊಬ್ಬಿಗಿಂತ ಕುಡಿದ ನೀರಿನ ಪಾತ್ರವೇ ದೊಡ್ಡದು.

ಇನ್ನೊಂದು ಮಾತು. ಒಬ್ಬರದೇ ರಕ್ತವನ್ನು ಎರಡು ಬೇರೆ ಬೇರೆ ದಿನ ಖಾಲಿ ಹೊಟ್ಟೆಯಲ್ಲಿಯೇ ತೆಗೆದರೂ ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಶೇ. 5–6ರಷ್ಟು, ಟ್ರೈಗ್ಲಿಸರೈಡ್‌ನಲ್ಲಿ ಶೇ. 20ರಷ್ಟು ವ್ಯತ್ಯಾಸ ಬರುವುದು ಸಹಜ. ನಿಂತೇ ಇದ್ದವರನ್ನು ಕೂಡಲೇ ಕೂರಿಸಿ ರಕ್ತ ತೆಗೆದರೂ ಸಂಖ್ಯೆ ಬದಲಾಗುತ್ತದೆ. ತಿಂಡಿಯಿಂದ ಆಗುವ ಎಂಟು ಅಂಶಗಳ ವ್ಯತ್ಯಾಸವನ್ನು ಇವುಗಳ ಪಕ್ಕದಲ್ಲಿಟ್ಟು ತೂಗಬೇಕು.

ಹನ್ನೆರಡು ಗಂಟೆಯ ನಿಯಮ ಬಂದದ್ದು ಹೇಗೆ

ರಕ್ತ ಕೊಡುವ ಮೊದಲು ಹನ್ನೆರಡು ಗಂಟೆ ಏನೂ ತಿನ್ನಬಾರದು ಎಂಬ ಈ ನಿಯಮಕ್ಕೆ ಅರ್ಥವೇ ಇರಲಿಲ್ಲ ಎಂದು ಹೇಳುವುದು ತಪ್ಪು. ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದು ಒಂದು ಕಾಲಕ್ಕೆ ಕಷ್ಟದ, ದುಬಾರಿ ಕೆಲಸವಾಗಿತ್ತು. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಒಂದು ಸರಳ ಸೂತ್ರ ಕೊಟ್ಟರು: ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಅನ್ನು ಕಳೆಯಿರಿ, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯಿರಿ, ಉಳಿದದ್ದು ಎಲ್‌ಡಿಎಲ್. ಇಂದಿಗೂ ನಮ್ಮ ಊರುಗಳ ಎಷ್ಟೋ ವರದಿಗಳಲ್ಲಿರುವ ಎಲ್‌ಡಿಎಲ್ ಅಳೆದದ್ದಲ್ಲ, ಹೀಗೆ ಕಳೆದು ಪಡೆದದ್ದು. ಆ ಸೂತ್ರ ರೂಪುಗೊಂಡದ್ದು ಖಾಲಿ ಹೊಟ್ಟೆಯ ರಕ್ತದ ಮೇಲೆ. ಟ್ರೈಗ್ಲಿಸರೈಡ್ 400 ದಾಟಿದರೆ ಅದು ನಡೆಯುವುದಿಲ್ಲ.

ಲೆಕ್ಕ ಮಾಡಿ ನೋಡೋಣ. ಒಬ್ಬರ ಒಟ್ಟು ಕೊಲೆಸ್ಟ್ರಾಲ್ 210, ಎಚ್‌ಡಿಎಲ್ 42, ಖಾಲಿ ಹೊಟ್ಟೆಯಲ್ಲಿ ಟ್ರೈಗ್ಲಿಸರೈಡ್ 150 ಎಂದಿಟ್ಟುಕೊಳ್ಳಿ. 150ರ ಐದನೇ ಒಂದು ಭಾಗ 30. ಎಲ್‌ಡಿಎಲ್ 138 ಬರುತ್ತದೆ. ಅವರೇ ತಿಂಡಿ ತಿಂದು ಬಂದು, ಟ್ರೈಗ್ಲಿಸರೈಡ್ 26 ಏರಿ 176 ಆದರೆ ಅದರ ಐದನೇ ಒಂದು ಭಾಗ ಸುಮಾರು 35. ಎಲ್‌ಡಿಎಲ್ 133. ಐದು ಅಂಶಗಳ ವ್ಯತ್ಯಾಸವನ್ನು ನೋಡಿ ಯಾವ ವೈದ್ಯರೂ ಚಿಕಿತ್ಸೆ ಬದಲಿಸುವುದಿಲ್ಲ.

ಇದೇ ಲೆಕ್ಕದಲ್ಲಿ ಇನ್ನೊಂದು ಸಂಖ್ಯೆ ಅಡಗಿದೆ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಒಂದನ್ನೇ ಕಳೆದರೆ 168. ಇದನ್ನು ನಾನ್-ಎಚ್‌ಡಿಎಲ್ ಕೊಲೆಸ್ಟ್ರಾಲ್ ಎನ್ನುತ್ತಾರೆ. ಇದರಲ್ಲಿ ಟ್ರೈಗ್ಲಿಸರೈಡ್ ಲೆಕ್ಕಕ್ಕೇ ಬರುವುದಿಲ್ಲವಾದ್ದರಿಂದ ತಿಂದಿದ್ದರೂ ತಿನ್ನದಿದ್ದರೂ 168 ಹೆಚ್ಚುಕಡಿಮೆ 168ರ ಆಸುಪಾಸಿನಲ್ಲೇ ಇರುತ್ತದೆ. ರಕ್ತನಾಳದ ಗೋಡೆಗೆ ಕೊಬ್ಬು ಸಾಗಿಸುವ ಎಲ್ಲ ಬಗೆಯ ಕಣಗಳ ಕೊಲೆಸ್ಟ್ರಾಲ್ ಇದರಲ್ಲಿ ಸೇರಿರುತ್ತದೆ. ನಿಮ್ಮ ವರದಿಯಲ್ಲಿ ಈ ಸಾಲು ಇಲ್ಲದಿದ್ದರೆ ಪೆನ್ನು ಹಿಡಿದು ನೀವೇ ಕಳೆದು ಬರೆದುಕೊಳ್ಳಿ. ಇಷ್ಟು ಉಪಯುಕ್ತವಾದ ಸಂಖ್ಯೆ ಇಷ್ಟು ಸುಲಭಕ್ಕೆ ಸಿಗುವುದು ಅಪರೂಪ.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ

ಖಾಲಿ ಹೊಟ್ಟೆಯ ಪರೀಕ್ಷೆಯ ಬಲ ಟ್ರೈಗ್ಲಿಸರೈಡ್‌ನಲ್ಲಿದೆ. ಊಟದ ಏರಿಳಿತ ಕಳೆದ ಮೇಲೆ ಉಳಿಯುವ ಸಂಖ್ಯೆ ಅದು. ಹಳೆಯ ವರದಿಗಳ ಜೊತೆ ಹೋಲಿಸುವುದೂ ಸುಲಭ. ಸೂತ್ರದಿಂದ ಪಡೆದ ಎಲ್‌ಡಿಎಲ್ ಹೆಚ್ಚು ನಂಬಿಕೆಗೆ ಅರ್ಹವಾಗುತ್ತದೆ. ಅದೇ ಸೂಜಿಗೆ ಖಾಲಿ ಹೊಟ್ಟೆಯ ಸಕ್ಕರೆಯನ್ನೂ ನೋಡಬಹುದು. ತೊಂದರೆಗಳೂ ಇವೆ: ಬೆಳಗಿನ ಒಂದೇ ಹೊತ್ತಿಗೆ ಎಲ್ಲರೂ ಮುಗಿಬೀಳುವುದು, ಕೂಲಿಯ ಅರ್ಧ ದಿನ ಹೋಗುವುದು, ವಯಸ್ಸಾದವರಿಗೆ ತಲೆ ಸುತ್ತುವುದು. ಎಲ್ಲಕ್ಕಿಂತ ದೊಡ್ಡದು, ‘ನಾಳೆ ಬನ್ನಿ’ ಎಂದಾಗ ಬಾರದೇ ಹೋಗುವವರ ಸಂಖ್ಯೆ.

ತಿಂದ ಹೊಟ್ಟೆಯ ಪರೀಕ್ಷೆಯ ಬಲ ಅದರ ಸರಾಗತನ. ವೈದ್ಯರನ್ನು ಕಂಡ ಗಳಿಗೆಯಲ್ಲೇ, ಮಧ್ಯಾಹ್ನವಾಗಲಿ ಸಂಜೆಯಾಗಲಿ ರಕ್ತ ಕೊಟ್ಟು ಮನೆಗೆ ಹೋಗಬಹುದು. ಇದಕ್ಕಿಂತ ಆಳವಾದ ಕಾರಣವೂ ಒಂದಿದೆ. ದಿನದ ಇಪ್ಪತ್ನಾಲ್ಕು ಗಂಟೆಯಲ್ಲಿ ನಾವು ನಿಜವಾಗಿ ಖಾಲಿ ಹೊಟ್ಟೆಯಲ್ಲಿರುವುದು ಬೆಳಗಿನ ಜಾವದ ಕೆಲವೇ ಗಂಟೆ. ಉಳಿದ ಹೊತ್ತೆಲ್ಲ ತಿಂಡಿಯೋ ಊಟವೋ ಅರಗುತ್ತಿರುತ್ತದೆ. ರಕ್ತನಾಳಗಳು ಎದುರಿಸುವುದು ಆ ಹೊತ್ತಿನ ರಕ್ತವನ್ನು. 2007ರಲ್ಲಿ ಪ್ರಕಟವಾದ ಅಮೆರಿಕದ ಮಹಿಳೆಯರ ದೊಡ್ಡ ಅಧ್ಯಯನವೊಂದರಲ್ಲಿ, ಮುಂದೆ ಹೃದಯದ ತೊಂದರೆ ಬರುವುದನ್ನು ಖಾಲಿ ಹೊಟ್ಟೆಯ ಟ್ರೈಗ್ಲಿಸರೈಡ್‌ಗಿಂತ ಊಟವಾದ ಎರಡರಿಂದ ನಾಲ್ಕು ಗಂಟೆಯ ಟ್ರೈಗ್ಲಿಸರೈಡ್ ಚೆನ್ನಾಗಿ ಸೂಚಿಸಿತ್ತು. 2019ರಲ್ಲಿ ಇನ್ನೊಂದು ಅಧ್ಯಯನ ಎಂಟು ಸಾವಿರಕ್ಕೂ ಹೆಚ್ಚು ಜನರಿಂದ, ಒಬ್ಬೊಬ್ಬರಿಂದಲೂ ಎರಡೂ ಬಗೆಯ ರಕ್ತ ತೆಗೆದು ಹೋಲಿಸಿತು. ಅಪಾಯವನ್ನು ಅಂದಾಜಿಸುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮಾನವಾಗಿದ್ದವು.

ಡೆನ್ಮಾರ್ಕ್ 2009ರಿಂದಲೇ ತಿಂದ ಹೊಟ್ಟೆಯ ಪರೀಕ್ಷೆಯನ್ನು ಮಾಮೂಲಿ ಕ್ರಮವಾಗಿಸಿಕೊಂಡಿದೆ. ಬ್ರಿಟನ್ನಿನ ಮಾರ್ಗಸೂಚಿ 2014ರಲ್ಲಿ ಉಪವಾಸ ಬೇಡವೆಂದಿತು. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರ ಜುಲೈಯಲ್ಲಿ ಹೊರತಂದ ದೇಶದ ಮೊದಲ ಲಿಪಿಡ್ ಮಾರ್ಗಸೂಚಿಯೂ ಅಪಾಯವನ್ನು ಅಂದಾಜಿಸಲು ತಿಂದ ಹೊಟ್ಟೆಯ ರಕ್ತ ಸಾಕೆಂದು ಹೇಳಿದೆ. ಹೀಗಿದ್ದೂ ನಮ್ಮ ಊರುಗಳ ಗೋಡೆಗಳ ಮೇಲೆ ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂಬ ಫಲಕಗಳು ಇನ್ನೂ ಇವೆ. ಅಭ್ಯಾಸ ಬದಲಾಗಲು ಕಾಗದ ಬದಲಾದರೆ ಸಾಲದು.

ತಿಂದ ಹೊಟ್ಟೆಯ ಪರೀಕ್ಷೆಯ ದೌರ್ಬಲ್ಯವನ್ನೂ ಮುಚ್ಚಿಡಬಾರದು. 26 ಎಂಬುದು ಸರಾಸರಿ, ಅದೂ ಎಂದಿನ ಊಟಕ್ಕೆ. ಮದುವೆಮನೆಯಲ್ಲಿ ತುಪ್ಪ ಸುರಿದುಕೊಂಡು ನಾಲ್ಕು ಒಬ್ಬಟ್ಟು ತಿಂದು ನೇರವಾಗಿ ಬಂದರೆ ಲೆಕ್ಕವೇ ಬೇರೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ಹೊಟ್ಟೆಯ ಸುತ್ತ ಬೊಜ್ಜಿರುವವರಲ್ಲಿ ಏರಿಕೆ ಹೆಚ್ಚು, ಇಳಿಕೆ ನಿಧಾನ. ಭಾರತೀಯರಲ್ಲಿ ಸಾಮಾನ್ಯವಾಗಿ ಕಾಣುವುದೇ ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ ಎಂಬ ಜೋಡಿ. ಹಾಗಾಗಿ ಡೆನ್ಮಾರ್ಕಿನಲ್ಲಿ ನಡೆದದ್ದು ಇಲ್ಲಿಯೂ ಕಣ್ಣು ಮುಚ್ಚಿಕೊಂಡು ನಡೆಯಲಿ ಎಂದು ನಾನು ಹೇಳಲಾರೆ.

ಮೊದಲ ಬಾರಿಗೆ ಪರೀಕ್ಷೆ ಮಾಡಿಸುವವರು

ನಿಮಗೆ ಯಾವ ಕಾಯಿಲೆಯೂ ಗೊತ್ತಿಲ್ಲ, ಮಾತ್ರೆಗಳಿಲ್ಲ, ಒಮ್ಮೆ ನೋಡಿಸಿಕೊಳ್ಳೋಣ ಎಂದುಕೊಂಡಿದ್ದೀರಿ. ಹಾಗಾದರೆ ತಿಂಡಿ ತಿಂದೇ ಹೋಗಿ. ಇಲ್ಲಿ ನನಗೆ ಅನುಮಾನವೇ ಇಲ್ಲ. 2018ರ ಅಮೆರಿಕದ ಮಾರ್ಗಸೂಚಿಯೂ ಇಪ್ಪತ್ತು ದಾಟಿದ, ಕೊಲೆಸ್ಟ್ರಾಲ್ ಮಾತ್ರೆ ಆರಂಭಿಸದ ಜನರಿಗೆ ಎರಡರಲ್ಲಿ ಯಾವುದಾದರೂ ನಡೆಯುತ್ತದೆ ಎನ್ನುತ್ತದೆ.

ವರದಿ ಬಂದಾಗ ಒಂದನ್ನು ನೆನಪಿಡಿ. ಖಾಲಿ ಹೊಟ್ಟೆಯಲ್ಲಿ ಟ್ರೈಗ್ಲಿಸರೈಡ್ 150 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜಾಸ್ತಿ ಎನ್ನುತ್ತೇವೆ. ತಿಂದ ಹೊಟ್ಟೆಗೆ ಆ ಗಡಿ 175. ಲ್ಯಾಬಿನ ಕಂಪ್ಯೂಟರ್‌ಗೆ ನೀವು ತಿಂದಿದ್ದು ಗೊತ್ತಿರುವುದಿಲ್ಲ. 160 ಬಂದರೂ ದಪ್ಪಕ್ಷರದಲ್ಲಿ ‘ಹೆಚ್ಚು’ ಎಂದು ಮುದ್ರಿಸಿಬಿಡುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ.

ಭಾರತೀಯ ಮಾರ್ಗಸೂಚಿ ಮೊದಲ ಲಿಪಿಡ್ ಪರೀಕ್ಷೆಯನ್ನು 18ನೇ ವಯಸ್ಸಿಗೇ ಮಾಡಿಸಲು ಹೇಳುತ್ತದೆ. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರಿದ್ದರೆ ಇನ್ನೂ ಮೊದಲೇ. ಇದು ಅತಿ ಎನಿಸಬಹುದು. ಆದರೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ನಲವತ್ತು ದಾಟದ ಹೃದ್ರೋಗಿಗಳ ಬಗ್ಗೆಯೇ ಪ್ರತ್ಯೇಕ ಅಧ್ಯಯನ ನಡೆಸುವ ಸ್ಥಿತಿ ನಮ್ಮ ರಾಜ್ಯದಲ್ಲಿದೆ. ಕಾಲೇಜಿಗೆ ಹೋಗುವ ಹುಡುಗನನ್ನು ಬೆಳಿಗ್ಗೆ ಉಪವಾಸ ಕೂರಿಸಿ ಲ್ಯಾಬಿಗೆ ಕರೆದೊಯ್ಯುವುದು ಎಷ್ಟು ಕಷ್ಟವೆಂದು ತಾಯಂದಿರಿಗೆ ಗೊತ್ತು. ಸಂಜೆ ಮನೆಗೆ ಬರುವ ದಾರಿಯಲ್ಲಿ ರಕ್ತ ಕೊಟ್ಟು ಬಾ ಎಂದರೆ ಅವನು ಬಹುಶಃ ಕೊಟ್ಟು ಬರುತ್ತಾನೆ.

ಖಾಲಿ ಹೊಟ್ಟೆಯೇ ಬೇಕಾದ ಸಂದರ್ಭಗಳು

ರಕ್ತವನ್ನು ಯಂತ್ರದಲ್ಲಿ ತಿರುಗಿಸಿದ ಮೇಲೆ ಮೇಲೆ ನಿಲ್ಲುವ ಸೀರಮ್ ಸಾಮಾನ್ಯವಾಗಿ ತಿಳಿಹಳದಿ ಬಣ್ಣದ್ದು. ಆಗೊಮ್ಮೆ ಈಗೊಮ್ಮೆ ಅದು ನೀರು ಮಜ್ಜಿಗೆಯಂತೆ ಬೆಳ್ಳಗೆ ಬರುತ್ತಿತ್ತು. ಅಂಥ ಕೊಳವೆಯನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ನೋಡಿದರೆ ಮೇಲೆ ಕೆನೆ ಕಟ್ಟಿರುತ್ತಿತ್ತು. ಮನುಷ್ಯನ ರಕ್ತದಲ್ಲಿ ಕೆನೆ ಕಾಣುವುದು ಮೊದಲ ಸಲ ನೋಡಿದವರನ್ನು ಬೆಚ್ಚಿಬೀಳಿಸುತ್ತದೆ. ಅದು ಟ್ರೈಗ್ಲಿಸರೈಡ್ ವಿಪರೀತ ಏರಿರುವುದರ ಗುರುತು. ಅಂಥ ಸ್ಯಾಂಪಲ್‌ನಲ್ಲಿ ಬೆಳಕು ಚದುರಿ ಬೇರೆ ಪರೀಕ್ಷೆಗಳ ಅಂಕಿಗಳೂ ಕೆಡುತ್ತವೆ.

ತಿಂದ ಹೊಟ್ಟೆಯಲ್ಲಿ ಟ್ರೈಗ್ಲಿಸರೈಡ್ 400 ಅಥವಾ ಅದಕ್ಕೂ ಹೆಚ್ಚು ಬಂದರೆ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ಮಾಡಿಸಲೇಬೇಕು. ಯುರೋಪಿನವರು ಈ ಗಡಿಯನ್ನು 440ಕ್ಕೆ ಇಟ್ಟಿದ್ದಾರೆ. ಖಾಲಿ ಹೊಟ್ಟೆಯಲ್ಲಿಯೂ 500 ದಾಟಿದ್ದರೆ ಹೃದಯದ ಜೊತೆಗೆ ಮೇದೋಜ್ಜೀರಕ ಗ್ರಂಥಿಯ ಬಗ್ಗೆಯೂ ಯೋಚಿಸಬೇಕು. 1000 ದಾಟಿದರೆ ಆ ಗ್ರಂಥಿ ಊದಿಕೊಂಡು ಜೀವಕ್ಕೇ ಸಂಚಕಾರ ಬರುವ ಸಾಧ್ಯತೆ ನಿಜಕ್ಕೂ ಇದೆ. ಹಿಂದೆ ಎಂದಾದರೂ ಹೀಗೆ ಏರಿದವರು, ಅದಕ್ಕಾಗಿ ಮಾತ್ರೆ ನುಂಗುತ್ತಿರುವವರು, ಮೇದೋಜ್ಜೀರಕ ಗ್ರಂಥಿಯ ಉರಿಯೂತದಿಂದ ಆಸ್ಪತ್ರೆ ಸೇರಿದ್ದವರು ಖಾಲಿ ಹೊಟ್ಟೆಯಲ್ಲಿಯೇ ರಕ್ತ ಕೊಡಲಿ. ವಂಶದಲ್ಲಿ ಕೊಬ್ಬಿನ ತೊಂದರೆ ಇರುವವರಿಗೂ ಖಾಲಿ ಹೊಟ್ಟೆಯೇ ಒಳ್ಳೆಯದು. ಇವರಿಗೆ ಒಂದು ದಿನದ ತೊಂದರೆ ಸಾರ್ಥಕ.

ಸಕ್ಕರೆ ಕಾಯಿಲೆ ಇರುವವರಿಗೆ

ಇಲ್ಲಿ ನಾನು ತುಸು ಹೆಚ್ಚು ಹೊತ್ತು ನಿಲ್ಲಲೇಬೇಕು. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನ ಮಧುಮೇಹಿಗಳು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲಿ ಅಂದಾಜಿಸಿತು. ಕೊಲೆಸ್ಟ್ರಾಲ್ ಪರೀಕ್ಷೆ ಹೆಚ್ಚು ಬೇಕಾಗಿರುವುದೂ ಇವರಿಗೇ, ಉಪವಾಸ ಹೆಚ್ಚು ಅಪಾಯಕಾರಿಯಾಗುವುದೂ ಇವರಿಗೇ.

ಐವತ್ತರ ಆಸುಪಾಸಿನ ಒಬ್ಬರು ನಮ್ಮ ಬೆಂಚಿನ ಮೇಲೆ ಕೂತಿದ್ದರು. ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದರು, ಬಂದಿದ್ದರು. ಮಾತ್ರೆ ಬಿಡಬೇಡಿ ಎಂದು ಮನೆಯವರು ಹೇಳಿದ್ದರು, ಆರೂವರೆಗೆ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನು ನೀರಿನಲ್ಲಿ ನುಂಗಿದ್ದರು. ಅಂದು ಕರೆಂಟ್ ಕೈಕೊಟ್ಟು ಕೆಲಸ ತಡವಾಯಿತು. ಒಂಬತ್ತೂಮುಕ್ಕಾಲಿಗೆ ಅವರ ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕೈ ನಡುಗುತ್ತಿತ್ತು, ಕೇಳಿದ್ದಕ್ಕೆ ಏನೇನೋ ಉತ್ತರ. ಬೆರಳಿಗೆ ಚುಚ್ಚಿ ನೋಡಿದರೆ ಸಕ್ಕರೆ 48. ಸಕ್ಕರೆ ನೀರು ಕುಡಿಸಿದ ಮೇಲೆ ಸುಧಾರಿಸಿಕೊಂಡರು. ಅವರು ಬಂದದ್ದು ಸ್ಕೂಟರಿನಲ್ಲಿ. ದಾರಿಯಲ್ಲಿಯೇ ಹೀಗಾಗಿದ್ದರೆ ಎಂಬುದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಲ್ಯಾಬಿಗೆ ಹೋಗುವ ದಾರಿಯಲ್ಲಿ ಉಪವಾಸದಿಂದ ಸಕ್ಕರೆ ಕುಸಿಯುವ ಈ ತೊಂದರೆಯ ಬಗ್ಗೆ ಅಮೆರಿಕದ ವೈದ್ಯರು ಪ್ರತ್ಯೇಕವಾಗಿ ಬರೆದು ಎಚ್ಚರಿಸಿದ್ದಾರೆ.

ಆದ್ದರಿಂದ ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗುವವರು ಮೊದಲು ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಇದು: “ಡಾಕ್ಟರೇ, ಈ ಪರೀಕ್ಷೆಯನ್ನು ತಿಂಡಿ ತಿಂದು ಮಾಡಿಸಬಹುದೇ?” ಬಹಳ ಸಲ ಮಾಡಿಸಬಹುದು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿಗೂ ಉಪವಾಸ ಬೇಡ. ಎರಡನ್ನೂ ಒಟ್ಟಿಗೆ ಯಾವ ಹೊತ್ತಿನಲ್ಲಾದರೂ ಕೊಡಬಹುದು. ಖಾಲಿ ಹೊಟ್ಟೆಯ ಸಕ್ಕರೆಯೇ ಬೇಕೆಂದು ವೈದ್ಯರು ಹೇಳಿದರೆ, ರಾತ್ರಿಯ ಇನ್ಸುಲಿನ್ ಎಷ್ಟು, ಬೆಳಗಿನ ಮಾತ್ರೆ ಯಾವಾಗ ಎಂಬುದನ್ನೂ ಅವರಿಂದಲೇ ಕೇಳಿ ತಿಳಿಯಿರಿ. ಬೆಳಗಿನ ಸಕ್ಕರೆ ಮಾತ್ರೆ ಸಾಮಾನ್ಯವಾಗಿ ತಿಂಡಿಯ ಜೊತೆಗಿನದು. ತಿಂಡಿ ಮುಂದೆ ಹೋದರೆ ಅದೂ ಮುಂದೆ ಹೋಗಬೇಕು. ಸರತಿಯಲ್ಲಿ ಮೊದಲಿಗರಾಗಿ, ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇಟ್ಟುಕೊಂಡು, ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಬೆವರು, ನಡುಕ ಶುರುವಾದರೆ ಪರೀಕ್ಷೆಯ ಗೊಡವೆ ಬಿಟ್ಟು ಕೂಡಲೇ ಸಕ್ಕರೆ ತಿನ್ನಿ.

ಈಗಾಗಲೇ ಮಾತ್ರೆಯಲ್ಲಿರುವವರು

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಆರಂಭಿಸಿದ ಮೇಲೆ ನಾಲ್ಕರಿಂದ ಹನ್ನೆರಡು ವಾರದೊಳಗೆ ಮತ್ತೆ ಪರೀಕ್ಷಿಸುವುದು ಕ್ರಮ. ಸಾಮಾನ್ಯವಾಗಿ ಇದಕ್ಕೂ ಉಪವಾಸ ಬೇಕಿಲ್ಲ. ಆದರೆ ಹೃದಯಾಘಾತವಾಗಿ ಎಲ್‌ಡಿಎಲ್ ಅನ್ನು ತೀರಾ ಕೆಳಗಿಳಿಸಬೇಕಾದವರ ವಿಷಯ ಸೂಕ್ಷ್ಮವಾದದ್ದು.

ಭಾರತೀಯ ಮಾರ್ಗಸೂಚಿಯ ಪ್ರಕಾರ ಕಡಿಮೆ ಅಪಾಯದವರಿಗೆ ಎಲ್‌ಡಿಎಲ್ 100ಕ್ಕಿಂತ ಕೆಳಗಿರಬೇಕು, ಮಧುಮೇಹ ಅಥವಾ ಅಧಿಕ ರಕ್ತದೊತ್ತಡದಂಥ ಹೆಚ್ಚಿನ ಅಪಾಯದವರಿಗೆ 70ಕ್ಕಿಂತ ಕೆಳಗೆ, ಹೃದಯಾಘಾತ, ಪಾರ್ಶ್ವವಾಯು ಆದವರಿಗೆ 55ಕ್ಕಿಂತ ಕೆಳಗೆ. ಈ ಕೊನೆಯ ಗುಂಪಿನ ಒಬ್ಬರು ತಿಂಡಿ ತಿಂದು ಬಂದು ಒಟ್ಟು ಕೊಲೆಸ್ಟ್ರಾಲ್ 130, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 200 ಬಂತೆನ್ನಿ. ಹಳೆಯ ಸೂತ್ರ ಎಲ್‌ಡಿಎಲ್ 52 ಎನ್ನುತ್ತದೆ. ಗುರಿ ತಲುಪಿದಂತೆ ಕಾಣುತ್ತದೆ. ಆದರೆ ಎಲ್‌ಡಿಎಲ್ 70ಕ್ಕಿಂತ ಕೆಳಗಿಳಿದು ಟ್ರೈಗ್ಲಿಸರೈಡ್ ಮೇಲಿರುವಾಗ ಆ ಸೂತ್ರ ನಿಜಕ್ಕಿಂತ ಕಡಿಮೆ ತೋರಿಸುವ ಸ್ವಭಾವದ್ದು. ಇದೇ ವರದಿಯಲ್ಲಿ ನಾನ್-ಎಚ್‌ಡಿಎಲ್ ಕಳೆದು ನೋಡಿ: 92. ಇವರಿಗೆ ಅದು 85ರ ಕೆಳಗಿರಬೇಕಿತ್ತು. ಅಂದರೆ ಕೆಲಸ ಇನ್ನೂ ಬಾಕಿ ಇದೆ.

ಇಂಥವರು ಒಂದೋ ಖಾಲಿ ಹೊಟ್ಟೆಯಲ್ಲಿ ಕೊಡಲಿ, ಇಲ್ಲವೇ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವ ಪರೀಕ್ಷೆಯನ್ನು ಕೇಳಲಿ. 2013ರಲ್ಲಿ ಬಂದ ಮಾರ್ಟಿನ್–ಹಾಪ್ಕಿನ್ಸ್ ಲೆಕ್ಕವೂ, 2020ರ ಸ್ಯಾಂಪ್ಸನ್ ಸೂತ್ರವೂ ಹಳೆಯದಕ್ಕಿಂತ ಮೇಲು. ನಿಮ್ಮ ಲ್ಯಾಬ್ ಯಾವುದನ್ನು ಬಳಸುತ್ತದೆಂದು ಕೇಳಲು ಹಿಂಜರಿಯಬೇಡಿ. ಎಲ್‌ಡಿಎಲ್‌ನಂಥ ಕೆಟ್ಟ ಕಣಗಳ ಸಂಖ್ಯೆಯನ್ನೇ ತೋರಿಸುವ ಅಪೊಬಿ ಪರೀಕ್ಷೆ ಇನ್ನೂ ನೇರವಾದದ್ದು. ಜೀವಮಾನದಲ್ಲಿ ಒಮ್ಮೆಯಾದರೂ ಮಾಡಿಸಬೇಕೆಂದು ನಮ್ಮ ಮಾರ್ಗಸೂಚಿ ಹೇಳುವ ಲೈಪೊಪ್ರೋಟೀನ್-ಎ (ವಂಶದಿಂದ ಬರುವ, ಎಲ್‌ಡಿಎಲ್ ಹೋಲುವ ಕಣ) ಪರೀಕ್ಷೆಯೂ ಇದೆ. ಇವೆರಡಕ್ಕೂ ತಿಂಡಿಯ ಹಂಗಿಲ್ಲ.

ಇನ್ನೊಂದು ತಪ್ಪನ್ನು ಬಹಳ ಕಂಡಿದ್ದೇನೆ. ‘ನಿಜವಾದ’ ಕೊಲೆಸ್ಟ್ರಾಲ್ ಗೊತ್ತಾಗಲಿ ಎಂದು ಪರೀಕ್ಷೆಗೆ ವಾರವಿರುವಾಗಲೇ ಮಾತ್ರೆ ನಿಲ್ಲಿಸಿ ಬರುವುದು. ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲೆಂದೇ ಆ ಪರೀಕ್ಷೆ. ದಯವಿಟ್ಟು ನಿಲ್ಲಿಸಬೇಡಿ.

ಉಪವಾಸ ಮಾಡುವುದೇ ಆದರೆ

ಒಂಬತ್ತರಿಂದ ಹನ್ನೆರಡು ಗಂಟೆ ಸಾಕು. ರಾತ್ರಿ ಎಂಟೂವರೆಗೆ ಉಂಡು ಬೆಳಿಗ್ಗೆ ಏಳೂವರೆಗೆ ರಕ್ತ ಕೊಟ್ಟರೆ ಹನ್ನೊಂದು ಗಂಟೆ ಆಯಿತು. ನೀರು ಧಾರಾಳವಾಗಿ ಕುಡಿಯಿರಿ. ನೀರನ್ನೂ ಮುಟ್ಟದೆ ಬಂದವರ ನರ ಸಿಗದೆ ಎರಡು ಮೂರು ಕಡೆ ಚುಚ್ಚಬೇಕಾದಾಗ ನನಗೂ ನೋವಾಗುತ್ತಿತ್ತು. ಕಾಫಿ, ಚಹಾ, ಹಾಲು, ಎಳನೀರು ಬೇಡ. ಬೀಡಿ, ಸಿಗರೇಟು, ಎಲೆ ಅಡಿಕೆಯೂ ಬೇಡ. ರಕ್ತದೊತ್ತಡದ ಮಾತ್ರೆಯನ್ನು ವೈದ್ಯರು ಬೇಡವೆನ್ನದಿದ್ದರೆ ಎಂದಿನಂತೆ ನೀರಿನಲ್ಲಿ ತೆಗೆದುಕೊಳ್ಳಬಹುದು.

ಏಕಾದಶಿಯ ಉಪವಾಸ ಮುಗಿಸಿ ದ್ವಾದಶಿಯ ಬೆಳಿಗ್ಗೆ ಬರುವವರಿದ್ದರು, ಹೇಗೂ ಹೊಟ್ಟೆ ಖಾಲಿ ಇದೆಯಲ್ಲ ಎಂದು. ಮೂವತ್ತಾರು ಗಂಟೆಯ ಉಪವಾಸ ನಿಮ್ಮ ಎಂದಿನ ಸ್ಥಿತಿಯಲ್ಲ. ಅಂದಿನ ಅಂಕಿ ನಿಮ್ಮ ಮಾಮೂಲಿ ದಿನವನ್ನು ತೋರಿಸುವುದಿಲ್ಲ. ಒಂದೆರಡು ದಿನ ಬಿಟ್ಟು ಬನ್ನಿ. ಹಾಗೆಯೇ ಹಿಂದಿನ ರಾತ್ರಿ ಮದ್ಯ ಸೇವಿಸಿದ್ದರೆ ಟ್ರೈಗ್ಲಿಸರೈಡ್ ಏರಿರುತ್ತದೆ. ಡೆಂಗಿ, ನ್ಯುಮೋನಿಯಾ, ಶಸ್ತ್ರಚಿಕಿತ್ಸೆ ಆಗಿ ಏಳುತ್ತಿರುವವರ ಕೊಲೆಸ್ಟ್ರಾಲ್ ಸುಳ್ಳೇ ಕಡಿಮೆ ಕಾಣುತ್ತದೆ, ಕೆಲವು ವಾರ ಕಾಯಬೇಕು. ಗರ್ಭಿಣಿಯರಲ್ಲಿ ಅದು ಸಹಜವಾಗಿಯೇ ಏರುತ್ತದೆ. ತಿಂಡಿಯ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿ ಕೇಳುವ ನಾವು ಈ ವಿಷಯಗಳನ್ನು ಎಷ್ಟು ಸಲ ಕೇಳಿದ್ದೇವೆ?

ಎಲ್ಲವೂ ಸೇರಿದ ಪ್ಯಾಕೇಜ್

ನಗರಗಳಲ್ಲಿ ಅರವತ್ತು–ಎಪ್ಪತ್ತು ಪರೀಕ್ಷೆಗಳನ್ನು ಒಟ್ಟುಗೂಡಿಸಿ ಮಾರುವ ಪ್ಯಾಕೇಜ್‌ಗಳಲ್ಲಿ ಖಾಲಿ ಹೊಟ್ಟೆ ಎಂದು ಹಾಕುವುದು ಹೆಚ್ಚಾಗಿ ಸಕ್ಕರೆಗಾಗಿ. ಖಾಲಿ ಹೊಟ್ಟೆಯ ಸಕ್ಕರೆಗೆ ಎಂಟು ಗಂಟೆಯ ಉಪವಾಸ ಖಂಡಿತ ಬೇಕು, ಅದರಲ್ಲಿ ರಾಜಿಯಿಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್, ಕ್ರಿಯಾಟಿನಿನ್, ವಿಟಮಿನ್ ಡಿಗಳಿಗೆ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ. ಮನೆಗೇ ಬಂದು ರಕ್ತ ತೆಗೆಯುವವರಿದ್ದರೆ ಬೆಳಿಗ್ಗೆ ಆರೂವರೆಗೆ ಕರೆಸಿ ಖಾಲಿ ಹೊಟ್ಟೆಯಲ್ಲೇ ಕೊಟ್ಟುಬಿಡಿ. ಉಪವಾಸದ ಕಷ್ಟವೇ ಇಲ್ಲದಿದ್ದಾಗ ಅದರ ಲಾಭವನ್ನು ಬಿಡುವುದೇಕೆ?

ವಿದೇಶದಲ್ಲಿರುವ ಮಕ್ಕಳು ತಮ್ಮ ವರದಿಯನ್ನು ಊರಿನ ಅಪ್ಪನ ವರದಿಯ ಜೊತೆ ಹೋಲಿಸುವಾಗ ಒಂದು ಗೊಂದಲವಾಗುತ್ತದೆ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಅಂಕಿಗಳು ಮಿಲಿಮೋಲ್‌ನಲ್ಲಿರುತ್ತವೆ. ಅಲ್ಲಿನ ಕೊಲೆಸ್ಟ್ರಾಲ್ ಸಂಖ್ಯೆಯನ್ನು 38.67ರಿಂದ, ಟ್ರೈಗ್ಲಿಸರೈಡ್ ಅನ್ನು 88.57ರಿಂದ ಗುಣಿಸಿದರೆ ನಮ್ಮ ಲೆಕ್ಕ ಸಿಗುತ್ತದೆ. ಅಲ್ಲಿ 5 ಎಂದಿದ್ದರೆ ಇಲ್ಲಿ ಸುಮಾರು 193.

ಮತ್ತೆ ಮತ್ತೆ ಪರೀಕ್ಷೆ ಮಾಡಿಸುವವರು ಒಮ್ಮೆ ಆಯ್ದುಕೊಂಡ ಕ್ರಮವನ್ನೇ ಮುಂದುವರಿಸುವುದು ಒಳ್ಳೆಯದು, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ. ಕಳೆದ ಸಲ ಖಾಲಿ ಹೊಟ್ಟೆ, ಈ ಸಲ ಊಟವಾದ ಮೇಲೆ ಎಂದಾದರೆ ಟ್ರೈಗ್ಲಿಸರೈಡ್ ಏರಿದ್ದು ಕಾಯಿಲೆಯಿಂದಲೋ ಊಟದಿಂದಲೋ ಹೇಳುವುದು ಕಷ್ಟ. ಯಾವ ಕ್ರಮವಾದರೂ ಕೊನೆಯ ಸಲ ತಿಂದ ಹೊತ್ತನ್ನು ಚೀಟಿಯ ಮೇಲೆ ಬರೆಸಿ. ಲ್ಯಾಬಿನವರು ಕೇಳದಿದ್ದರೆ ನೀವೇ ಹೇಳಿ. ಕಳೆದ ತಿಂಗಳು ನನ್ನ ಚೀಟಿಯ ಮೂಲೆಯಲ್ಲಿ ನಾನೇ ಬರೆದೆ: “ತಿಂಡಿ 8.15, ಎರಡು ಇಡ್ಲಿ, ಒಂದು ಲೋಟ ಕಾಫಿ. ರಕ್ತ ಕೊಟ್ಟದ್ದು 10.40.” ಟ್ರೈಗ್ಲಿಸರೈಡ್ 168 ಬಂತು, ಪಕ್ಕದಲ್ಲಿ ‘ಹೆಚ್ಚು’ ಎಂಬ ದಪ್ಪಕ್ಷರ. ವೈದ್ಯರು ಮೂಲೆಯ ಬರಹ ಓದಿದರು, ದಪ್ಪಕ್ಷರವನ್ನು ಪೆನ್ನಿನಿಂದ ಹೊಡೆದುಹಾಕಿ ನಾನ್-ಎಚ್‌ಡಿಎಲ್ ಲೆಕ್ಕ ಹಾಕಲು ಕೂತರು.